ತವರಿಗೆ ಹೋದವರ ಲೆಕ್ಕ

ಕವಲಂದೆ ಕಡೆಯ ನಾಲ್ಕು ಹಳ್ಳಿಗಳಲ್ಲಿ ಸಿಸ್ಟರ್ ಮಹದೇವಮ್ಮನನ್ನು ಅರಿಯದ ಬಸುರಿಯಿಲ್ಲ, ಬಾಣಂತಿಯಿಲ್ಲ. ಇಪ್ಪತ್ತೆರಡು ವರ್ಷದ ಸರ್ವಿಸು. ಕೊರೊನಾ ಸೂಜಿಗೆ ಹೆದರಿ ಅಟ್ಟ ಹತ್ತಿ ಕೂತ ಗಂಡಸರನ್ನೂ ಬೈದು ಕೆಳಗಿಳಿಸಿದ ಹೆಂಗಸು. ಬಾಯಿ ಜೋರು ನಿಜ, ಆದರೆ ಕೈ ಬಲು ಮೃದು. ಅಂಥವಳನ್ನು ಆರೋಗ್ಯ ಇಲಾಖೆಯವರು ತಿ. ನರಸೀಪುರದಲ್ಲಿ ನಡೆದ ಸಂಶೋಧನಾ ತರಬೇತಿಗೆ ಹಾಕಿದರು.

“ಸಂಶೋಧನೆ ಡಾಕ್ಟ್ರುಗಳು ಮಾಡೋದಲ್ವ ಮೇಡಂ? ನಮ್ಗ್ಯಾಕೆ ಈ ಉಸಾಬರಿ?” ಎಂದು ಮೊದಲ ದಿನವೇ ಕೇಳಿಬಿಟ್ಟಳು.

ಪಾಠ ಹೇಳಲು ಮೈಸೂರಿಂದ ಬಂದಿದ್ದ ಮಧುಶ್ರೀ ಮೇಡಂ ನಕ್ಕರು. “ನಿಮ್ಮ ಕೆಲಸದಲ್ಲಿ ನಿಮಗೇ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಬರೆದುಕೊಡಿ, ಸಾಕು.”

ಉಳಿದವರು ಮೊಬೈಲು ತಡವಿ ಡೆಂಗ್ಯೂ, ಸಕ್ಕರೆ ಕಾಯಿಲೆ ಅಂತ ಏನೇನೋ ಗೀಚಿಕೊಟ್ಟರು. ಮಹದೇವಮ್ಮ ಸುಮ್ಮನೆ ತನ್ನ ರಿಜಿಸ್ಟರು ತಿರುವಿದಳು. ಪುಟಪುಟಕ್ಕೂ ಕೆಂಪು ಇಂಕಿನಲ್ಲಿ ಅದೇ ಮಾತು: ‘ತವರಿಗೆ ಹೋಗಿದ್ದಾರೆ.’ ನಮ್ಮ ಕಡೆ ಏಳನೇ ತಿಂಗಳಲ್ಲಿ ಮಡಿಲು ತುಂಬಿ ಮಗಳನ್ನು ತವರಿಗೆ ಕರೆದೊಯ್ಯುವುದು ಹೊಸದೇನಲ್ಲ. ಹಾಗೆ ಬರೆದರೆ ಆ ಸಾಲು ಮುಗಿದ ಹಾಗೆ. ಆಮೇಲೆ ಅವರ ಬಿ.ಪಿ. ಯಾರು ನೋಡುತ್ತಾರೆ? ಅಯ್ಯೋ ಶಿವನೇ, ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಕೇಳಿಕೊಂಡಿರಲಿಲ್ಲ! ಅದನ್ನೇ ಬರೆದು ಕೊಟ್ಟಳು. ಉತ್ತರವನ್ನೂ ನೀವೇ ಹುಡುಕಿ, ತರಬೇತಿಯ ಕೊನೆಯ ದಿನ ಎಲ್ಲರ ಮುಂದೆ ಇಡಿ ಎಂದರು ಮೇಡಂ.

ಹಿಂದಿನ ವರ್ಷ ತವರಿಗೆ ಹೋಗಿದ್ದವರು ನಲವತ್ತಮೂರು ಜನ. ರಜೆ ಸಿಕ್ಕಾಗೆಲ್ಲ ದೇವನೂರು, ಮುಡುಕುತೊರೆ ಅಂತ ಅವರವರ ತವರೂರಿಗೆ ಬಸ್ಸು ಹತ್ತಿ ಹೋಗಿ, ಬಸುರಿಯರ ತಪಾಸಣೆ ಬರೆಯುವ ‘ತಾಯಿ ಕಾರ್ಡು’ ನೋಡಿ ಬರೆದುಕೊಂಡಳು. ಎಲ್ಲರನ್ನೂ ಒಂದೇ ಮಾತಿನಲ್ಲಿ ಕೇಳಬೇಕು, ಉತ್ತರವನ್ನು ನೀವೇ ಅವರ ಬಾಯಿಗೆ ತುರುಕಬಾರದು ಎಂದಿದ್ದರು ಮೇಡಂ. ಮಹದೇವಮ್ಮನಿಗೆ ಕಷ್ಟವಾಗಿದ್ದು ಅದೊಂದೇ. “ಬಿ.ಪಿ. ನೋಡಿಸ್ಕೊಂಡೆ ತಾನೆ?” ಎಂದು ಗದರುವುದು ಹುಟ್ಟುಗುಣ. ನಾಲಿಗೆ ಕಚ್ಚಿಕೊಂಡು ಕಲಿತಳು.

ಹತ್ತೊಂಬತ್ತು ಕಾರ್ಡು ಖಾಲಿ. ಊರು ಬಿಟ್ಟ ದಿನದಿಂದ ಹೆರಿಗೆಯವರೆಗೆ ಯಾರೂ ಮುಟ್ಟಿರಲಿಲ್ಲ. ಅದರಲ್ಲಿ ಧನುಶ್ರೀ ಎಂಬ ಹುಡುಗಿಗೆ ಬಿ.ಪಿ. ಏರಿ, ಹೆರಿಗೆ ಹೊತ್ತಿಗೆ ಫಿಟ್ಸ್ ಬಂದಿತ್ತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಅವಳ ಅವ್ವ ಕಾರ್ಡು ಮುಂದೆ ಹಿಡಿದಳು. “ಕೊನೇಲಿ ಬರ್ದಿರೋದು ನಿಮ್ ಅಕ್ಸರಾನೆ ಕಣವ್ವ. ಆಮ್ಯಾಕೆ ಯಾರೂ ಬರ್ನಿಲ್ಲ.” ಮಹದೇವಮ್ಮ ಅಲ್ಲೇ ಜಗಲಿ ಮೇಲೆ ಕೂತು ಅತ್ತಳು.

ಮೇಲಧಿಕಾರಿ ಡಾಕ್ಟರ್ ಚಂದ್ರಶೇಖರ್ ಕೆಟ್ಟವರಲ್ಲ. ಅವಳ ಒಳ್ಳೆಯದಕ್ಕೇ ಹೇಳಿದರು. “ತವರಿಗೆ ಹೋದವರು ನಮ್ಮ ಲೆಕ್ಕಕ್ಕೆ ಬರಲ್ಲಮ್ಮ. ಅವರನ್ನು ಬಿಟ್ಟರೆ ನಿಮ್ಮದು ನೂರಕ್ಕೆ ನೂರು. ಮುಂದಿನ ತಿಂಗಳು ಪ್ರಮೋಷನ್ ಪಟ್ಟಿ ಬೇರೆ ಇದೆ. ಇದನ್ನ ಎಲ್ಲರ ಮುಂದೆ ಇಡಬೇಕಾ?”

ಪ್ರಮೋಷನ್ ಬೇಡವೆನ್ನಲು ಅವಳೇನು ಸನ್ಯಾಸಿಯೇ? ಎಂಟು ವರ್ಷದಿಂದ ಕಾದಿದ್ದಳು. ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೇ ದಿನ ಡ್ರಾಯಿಂಗ್ ಹಾಳೆ ತಂದು, ನಲವತ್ತಮೂರು ಸ್ಟಿಕ್ಕರ್ ಬೊಟ್ಟು ಅಂಟಿಸಿದಳು. ತವರಲ್ಲಿ ಬಿ.ಪಿ. ನೋಡಿಸಿಕೊಂಡವರಿಗೆ ಕೆಂಪು, ಯಾರೂ ನೋಡದೆ ಬಿಟ್ಟವರಿಗೆ ಕಪ್ಪು.

ತರಬೇತಿಯ ಕೊನೆಯ ದಿನ ಹಾಳೆ ಗೋಡೆಗೇರಿತು. ಜಿಲ್ಲೆಯಿಂದ ಬಂದ ಸಾಹೇಬರು ಕಪ್ಪು ಬೊಟ್ಟುಗಳನ್ನು ಎಣಿಸಿ, “ಇವರೆಲ್ಲ ಯಾರ ಏರಿಯಾದವರು?” ಎಂದರು.

“ನನ್ನೋರೇ ಸಾ. ಹತ್ತೊಂಬತ್ತೂ ನನ್ನೋರೇ. ತವರಿಗೆ ಹೋದ್ರು ಅಂತ ಬರ್ದು ಕೈ ತೊಳ್ಕೊಂಡೋಳು ನಾನೇ.”

ಆಗ ಹಿಂದಿನ ಸಾಲಿನಿಂದ ನರಸೀಪುರ ಕಡೆಯ ಸಿಸ್ಟರ್ ರಮ್ಯ ಎದ್ದು ಬಂದಳು. “ಅಕ್ಕ, ಇದ್ರಲ್ಲಿ ನಮ್ ಕಡೆಗೆ ಬಂದೋರ ಬೊಟ್ಟು ಯಾವ್ಯಾವು?” ಮಹದೇವಮ್ಮ ಏಳು ಬೊಟ್ಟು ತೋರಿಸಿದಳು. ರಮ್ಯಳ ಕಣ್ಣು ತುಂಬಿತು. “ನನ್ ಕಣ್ಮುಂದೇನೇ ಇದ್ರಲ್ಲಕ್ಕ. ನಮ್ ಪಟ್ಟೀಲಿಲ್ಲ ಅಂತ ನಾನೂ ತಿರುಗಿ ನೋಡ್ಲಿಲ್ಲ. ಈಗ ಯಾರಾದ್ರೂ ಬಂದವ್ರಾ, ಹೇಳಿ.”

ಮಹದೇವಮ್ಮ ರಿಜಿಸ್ಟರು ತೆಗೆದು ಮೂರು ಹೆಸರು ಓದಿದಳು. ಅಂದೇ ಸಂಜೆ ಐದಕ್ಕೆ ರಮ್ಯಳ ಫೋನು ಬಂತು. “ಎರಡನೇ ಮನೆ ಹುಡುಗೀದು ಬಿ.ಪಿ. ನೂರ ಅರವತ್ತು, ನೂರ ಹತ್ತು ಅಕ್ಕ! ಆಂಬುಲೆನ್ಸ್ ಹತ್ತಿಸ್ದೆ.” ಆ ಹುಡುಗಿಗೆ ಹೆಣ್ಣು ಮಗು ಆಯಿತು. ಇಬ್ಬರೂ ಚೆನ್ನಾಗಿದ್ದಾರೆ.

ಪ್ರಮೋಷನ್ ಪಟ್ಟಿಯಲ್ಲಿ ಮಹದೇವಮ್ಮನ ಹೆಸರಿರಲಿಲ್ಲ. ಸುಳ್ಳು ಯಾಕೆ, ಬೇಜಾರಾಯಿತು. ಡಾಕ್ಟರ್ ಫೋನು ಮಾಡಿ, “ಮುಂದಿನ ವರ್ಷ ನೋಡೋಣಮ್ಮ” ಎಂದರು.

“ನೋಡಿ ಸಾ. ಈಗ ಫೋನ್ ಇಡ್ತೀನಿ. ಒಬ್ಳು ತವರಿಗೆ ಹೊರಟವ್ಳೆ, ಬಸ್ ಬರೋದ್ರೊಳ್ಗೆ ರಮ್ಯಂಗೆ ಹೇಳ್ಬೇಕು.”