ಎರಡು ಬಲ್ಬಿನ ನಡುವೆ ಒಂದು ಮುಖ

ನಮ್ಮನೆ ಬಚ್ಚಲಲ್ಲಿ ಇದ್ದದ್ದು ಒಂದೇ ಬಲ್ಬು, ಅದೂ ಬಾಗಿಲ ಮೇಲೆ. ಕನ್ನಡಿ ಮುಂದೆ ನಿಂತರೆ ಬೆಳಕು ಬೆನ್ನಿಗೆ, ನೆರಳು ಮುಖಕ್ಕೆ. ನಮ್ಮನೆಯವರು ಗಡ್ಡ ಕೆರೆದುಕೊಂಡು ಈಚೆ ಬಂದರೆ ಕಿವಿ ಕೆಳಗೆ ಒಂದು ಸಾಲು ಹಾಗೇ ಉಳಿದಿರೋದು. ಆ ಬಲ್ಬು ಹಾಕಿಸಿದವರು ಅವರೇ. ಅದು ಸರಿಯಿಲ್ಲ ಅಂದರೆ ಒಪ್ಪೋ ಪೈಕಿಯಲ್ಲ.

ಗುಂಡ್ಲುಪೇಟೆಯಲ್ಲಿ ನನ್ನ ತಂಗಿ ಹೊಸ ಮನೆ ಕಟ್ಟಿಸಿದಾಗ ಅವಳ ಬಚ್ಚಲು ನೋಡಿ ನನಗೆ ಹೊಟ್ಟೆ ಉರಿದದ್ದು ಸುಳ್ಳಲ್ಲ. ಕನ್ನಡಿಯ ಎಡಕ್ಕೊಂದು ಬಲಕ್ಕೊಂದು ಲೈಟು, ಮುಖದ ಎತ್ತರಕ್ಕೇ. ನೀರು ಹುಯ್ದುಕೊಳ್ಳೋ ಜಾಗದ ಮೇಲೆ, ಹಬೆ ಒಳಗೆ ಹೋಗದ ಹಾಗೆ ಗಾಜು ಮುಚ್ಚಿದ್ದು ಇನ್ನೊಂದು. ಸ್ವಿಚ್ಚೆಲ್ಲ ಬಾಗಿಲಾಚೆ. ನಮ್ಮೂರು ಚಾಮರಾಜನಗರದಲ್ಲಿ ಬಸ್ಸಿಳಿಯುವ ಹೊತ್ತಿಗೆ, ನಮ್ಮ ಬಚ್ಚಲಿಗೂ ಹಾಗೇ ಹಾಕಿಸೋದು ಅಂತ ನಾನು ತೀರ್ಮಾನ ಮಾಡಿಯಾಗಿತ್ತು.

"ಬಚ್ಚಲಿಗೆ ಅಷ್ಟೊಂದು ಲೈಟ್ ಯಾಕಮ್ಮಿ, ಮದ್ವೆ ಮನೆಯಾ ಅದು?" ಅಂದರು ನಮ್ಮನೆಯವರು. ಅವರು ಅರಿಸಿನ ಮಂಡಿಯಲ್ಲಿ ಮಾಲು ನೋಡೋರು. ಕೊಂಬು ಮುರಿದು, ಒಳಗಿನ ಬಣ್ಣ ನೋಡಿ ದರ್ಜೆ ಹೇಳೋದು ಅವರ ಕೆಲಸ. ಅವರ ಅಂಗೈ, ಉಗುರು, ಬನೀನು, ಮಲಗೋ ದಿಂಬು ಎಲ್ಲ ಹಳದಿ. ಸೀಸನ್ನಿನಲ್ಲಿ ಬೆಳಗಾಗೋ ಮುಂಚೆ ಹೋದರೆ ದೀಪ ಹಚ್ಚಿದ ಮೇಲೇ ಬರೋರು, ಭಾನುವಾರವೂ ಬಿಡುವಿಲ್ಲ. ಆ ವರ್ಷ ಊಟ ಸೇರುತ್ತಿರಲಿಲ್ಲ, ಮೈಯೆಲ್ಲ ಪರಪರ ಕೆರೆದುಕೊಳ್ಳೋರು. "ಅರಿಸಿನದ ಧೂಳು ಕಣಮ್ಮಿ" ಅನ್ನೋರು. ನಾನೂ ಹೌದು ಅಂದುಕೊಂಡು ಕೊಬ್ಬರಿ ಎಣ್ಣೆ ಸವರಿಕೊಳ್ಳಿ ಅಂದೆ.

ವೈರಿಂಗ್ ಭಾಯಿ ಬಂದ ದಿವಸ ಇವರು ಯಾಕೋ ಆಗಲ್ಲ ಅಂತ ಮಂಡಿಗೆ ಹೋಗದೆ ಮಲಗಿದ್ದರು. ಕನ್ನಡಿ ಪಕ್ಕಕ್ಕೆ ಹಳದಿ ಬೆಳಕು ಬೇಕೋ ಬಿಳಿ ಬೇಕೋ ಅಂತ ನನಗೇ ಗೊಂದಲ. ತಂಗಿ ಮನೇಲಿ ಹಳದಿ, ಮುಖ ಚೆಂದ ಕಾಣುತ್ತೆ. "ಎಡಕ್ಕೆ ಹಳದಿ, ಬಲಕ್ಕೆ ಬಿಳಿ ಹಾಕ್ತೀನಿ, ನೋಡಿ ಹೇಳಿ" ಅಂದ ಭಾಯಿ ಎರಡೂ ಹಾಕಿ ಸ್ವಿಚ್ ಒತ್ತಿದರು. ಗಡ್ಡ ಕೆರೆಯೋರು ಇವರು ತಾನೆ, ಇವರೇ ನಿಂತು ನೋಡಲಿ ಅಂತ ಎಬ್ಬಿಸಿ ಕರೆತಂದು ನಿಲ್ಲಿಸಿದೆ.

ಕನ್ನಡಿಯಲ್ಲಿ ಮುಖದ ಎಡಗಡೆ, ಮನೆಯ ಹಳದಿ ಬಲ್ಬಿನಲ್ಲಿ ದಿನಾ ನೋಡೋ ನನ್ನ ಗಂಡ. ಬಲಗಡೆ ಇದ್ದದ್ದು ಯಾರು ಅಂತ ನನಗೆ ಒಂದು ಗಳಿಗೆ ತಿಳಿಯಲಿಲ್ಲ. ಕೆನ್ನೆ ಒಳಕ್ಕೆ ಹೋಗಿತ್ತು. ಕಣ್ಣಲ್ಲಿ ಬಿಳಿ ಇರಬೇಕಾದ ಕಡೆ ಬಿಳಿಯೇ ಇಲ್ಲ, ಒಳ್ಳೇ ಮಾಲಿನ ಕೊಂಬು ಮುರಿದ ಹಾಗೆ ಹಳದಿ. ಭಾಯಿ "ಯಾವುದು ಇರಲಿ ಅಮ್ಮ?" ಅಂತ ಕೇಳುತ್ತಲೇ ಇದ್ದರು. ಗಂಡನ ಗಲ್ಲ ಹಿಡಿದು ಬಿಳಿ ಬಲ್ಬಿನ ಕಡೆ ತಿರುಗಿಸಿದೆ. ಇನ್ನೊಂದು ಕಣ್ಣೂ ಹಾಗೇ.

"ಅರಿಸಿನ ಬಿದ್ದಿರ್ಬೇಕು ಬುಡು" ಅಂತ ನೀರು ಎರಚಿಕೊಂಡರು. ಹೋಗಲಿಲ್ಲ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರೆ. ನಮ್ಮನೇಲಿ ಲೋಕವೇ ಹಳದಿಯಾಗಿ ಕಾಮಾಲೆ ಕಣ್ಣು ಯಾರಿಗೂ ಕಾಣಿಸಲಿಲ್ಲ.

ಆಸ್ಪತ್ರೆಯಲ್ಲಿ ಇದ್ದದ್ದು ನನ್ನ ಮಗಳ ವಯಸ್ಸಿನ ಡಾಕ್ಟರಮ್ಮ. "ಎಷ್ಟು ದಿನದಿಂದ ಹಳದಿ?" ಅಂತ ನನ್ನ ಕೇಳಿದರು.

"ಮದುವೆಯಾದಾಗಿಂದ" ಅಂತ ಬಂತು ನನ್ನ ಬಾಯಿಂದ. ತಮಾಷೆಗೆ ಹೇಳಿದ್ದಲ್ಲ.

ಡಾಕ್ಟರಮ್ಮ ಹತ್ತಿಗೆ ಸ್ಪಿರಿಟ್ ಹಾಕಿ ಇವರ ಅಂಗೈ ಒರೆಸಿದರು. ಹತ್ತಿ ಹಳದಿಯಾಯಿತು. "ನಾನೇಳ್ಲಿಲ್ವಾ, ಅರಿಸಿನ" ಅಂತ ಇವರು ನಗೋಕೆ ಹೋದರು. ಡಾಕ್ಟರಮ್ಮ ಕೆಳರೆಪ್ಪೆ ಎಳೆದು, "ಇದನ್ನ ಯಾವ ಹತ್ತೀಲಿ ಒರೆಸ್ಲಿ ಯಜಮಾನ್ರೇ?" ಅಂದರು. ಉಚ್ಚೆ ಯಾವ ಬಣ್ಣ ಹೋಗುತ್ತೆ ಅಂತ ಕೇಳಿದರು. "ಆ ಕತ್ಲೇಲಿ ಯಾರು ನೋಡ್ತಾರೆ" ಅಂದರು ಇವರು. ಆಮೇಲೆ ನಗಲಿಲ್ಲ.

ಸ್ಕ್ಯಾನ್ ಮಾಡಿ ನೋಡಿದರೆ, ಪಿತ್ತದ ನಾಳದಲ್ಲಿ ಕಲ್ಲು ಸಿಕ್ಕಿಕೊಂಡು, ಒಳಗೆ ಕೀವಾಗೋಕೆ ಶುರುವಾಗಿತ್ತಂತೆ. ಅವತ್ತೇ ಮೈಸೂರಿಗೆ ಕಳಿಸಿದರು. ಅಲ್ಲಿ ಬಾಯಿಂದ ಟ್ಯೂಬ್ ಬಿಟ್ಟು ಕಲ್ಲು ತೆಗೆದರು. ಇನ್ನೂ ತಡ ಮಾಡಿದ್ದರೆ ಕೈಮೀರುತ್ತಿತ್ತು ಅಂದರು. ಮನುಷ್ಯ ಕಣ್ಣು ಬಿಟ್ಟಾಗ ಇನ್ನೂ ಹಳದಿಯೇ ಇತ್ತು, ಇಳಿಯೋಕೆ ಟೈಮ್ ಬೇಕು ಅಂದರು ನರ್ಸಮ್ಮ. ದಿನಾ ಬೆಳಿಗ್ಗೆ ಇವರನ್ನು ವಾರ್ಡಿನ ಕಿಟಕಿ ಹತ್ತಿರ ಕರಕೊಂಡು ಹೋಗಿ ರೆಪ್ಪೆ ಎಳೆದು ನೋಡೋದೇ ನನ್ನ ಕೆಲಸವಾಯಿತು.

ಒಂದು ಬೆಳಿಗ್ಗೆ ಹಳದಿ ತೆಳುವಾಗಿ ಬಿಳಿ ಕಂಡಿತು. ತಡೆಯೋಕಾಗದೆ ಎಲ್ಲರ ಎದುರಿಗೇ ಅತ್ತುಬಿಟ್ಟೆ.

"ಯಾಕಮ್ಮಿ, ನಾನೇನ್ ಸತ್ತೋದ್ನಾ?" ಅಂದರು.

"ಸಾಯ್ತಿದ್ರಿ" ಅಂದೆ. "ನಾನು ಪಕ್ಕದಲ್ಲೇ ಕೂತು, ಯಾಕ್ರೀ ಉಣ್ಣಲ್ಲ ಅಂತ ಬೈತಾ ಬಡಿಸ್ತಾ ಇರ್ತಿದ್ದೆ."