ನಾರುವ ದಡ

ನನ್ನ ತಂಗಿಯನ್ನು ಮುಟ್ಟುವುದಕ್ಕೆ ಯಾರಿಗೂ ಅಪ್ಪಣೆ ಬೇಕಿಲ್ಲ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ, ಜನಕ್ಕೆ ಅಷ್ಟು ಸಾಕು. ಬಸ್ಸಿಗೆ ಕಾದು ನಿಂತಿದ್ದರೆ ಯಾವನೋ ಬಂದು ತೋಳು ಹಿಡಿದು ರಸ್ತೆ ದಾಟಿಸಿಬಿಡುತ್ತಾನೆ. ದಾಟಬೇಕಿತ್ತೇ ಎಂದು ಕೇಳುವ ಗೋಜಿಗೇ ಹೋಗುವುದಿಲ್ಲ. ಇವಳು ವಾಪಸು ದಾಟಿ ಬರುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಬೆವರಿದ ಕೈ, ತಂಬಾಕು ನಾರುವ ಕೈ, ಮೊಣಕೈ ಹಿಡಿದು ಮೆಲ್ಲಗೆ ಮೇಲಕ್ಕೆ ಜಾರುವ ಕೈ. ಅವಳು ಮನೆಗೆ ಬಂದವಳೇ ಸೋಪು ಹಚ್ಚಿ ತೋಳು ಉಜ್ಜಿಕೊಳ್ಳುವುದನ್ನು ನೋಡಿದಾಗೆಲ್ಲ ನನಗೆ ಇಡೀ ಮನುಷ್ಯಜಾತಿಯ ಮೇಲೆ ಹೇಸಿಗೆ ಹುಟ್ಟುತ್ತದೆ.

ಹಾಗೆಂದು ಅವಳೇನೂ ಮಡಿವಂತಳಲ್ಲ. ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ. ರಕ್ತ, ಕೀವು, ವಾಂತಿ ಮೆತ್ತಿದ ಹಾಸಿಗೆ ಬಟ್ಟೆಗಳು ಅಲ್ಲಿಗೆ ಗಂಟುಗಟ್ಟಲೆ ಬರುತ್ತವೆ. ಅವನ್ನು ಬಿಚ್ಚಿ, ಬೇರೆ ಮಾಡಿ ಯಂತ್ರಕ್ಕೆ ಹಾಕುವವಳು ಅವಳೇ. ಒಮ್ಮೆ ಊಟದ ಡಬ್ಬಿ ಕೊಡಲು ಹೋದವಳು ನಾನು ಬಾಗಿಲಲ್ಲೇ ಕಕ್ಕಿಕೊಂಡೆ. "ನೀನು ಮೂಗಿಂದಲ್ಲ ಅಕ್ಕಾ, ಕಣ್ಣಿಂದ ವಾಂತಿ ಮಾಡ್ತೀಯ" ಎಂದು ಅವಳು ಬಿದ್ದು ಬಿದ್ದು ನಕ್ಕಳು.

ಅವಳಿಗೆ ಈಜು ಅಪ್ಪ ಕಲಿಸಿದ್ದು. ಮೀನಿಗೆ ಯಾರಾದರೂ ನೀರು ಕಲಿಸುತ್ತಾರೆಯೇ ಎಂದು ಅಪ್ಪನೇ ಹೇಳುತ್ತಿದ್ದ. ಎದುರಿನ ದ್ವೀಪದಿಂದ ನಮ್ಮ ದಡಕ್ಕೆ ಸಮುದ್ರ ಈಜಿ ಬರುವವರಿದ್ದಾರೆ ಎಂದು ಕೇಳಿದ್ದೇ ತಡ, ಅವಳು ನನ್ನನ್ನು ಎಳೆದುಕೊಂಡು ಈಜು ಸಂಘಕ್ಕೆ ಹೋದಳು. ಅಲ್ಲಿದ್ದ ತೀರ್ಪುಗಾರ್ತಿ ಒಣ ದನಿಯ ಹೆಂಗಸು. ಇವಳನ್ನು ನೋಡಿ ಅಯ್ಯೋ ಪಾಪ ಎನ್ನಲಿಲ್ಲ, ನೇರ ನಿಯಮ ಹೇಳಿದಳು.

"ಅರ್ಧ ದಿನದ ಈಜು. ದ್ವೀಪ ಬಿಟ್ಟ ಮೇಲೆ ಒಣ ಮರಳಿನ ಮೇಲೆ ನಿಲ್ಲೋವರೆಗೂ ನಿಮ್ಮನ್ನ ಯಾರೂ ಮುಟ್ಟೋ ಹಾಗಿಲ್ಲ. ಬೆರಳು ತಾಗಿದ್ರೂ ಈಜು ರದ್ದು."

"ಯಾರೂ ಅಂದ್ರೆ? ಸಹಾಯಕ್ಕೂ?"

"ಸಹಾಯಕ್ಕೂ."

ತಂಗಿ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಮನೆ ಹತ್ತಿರ ಬಂದಾಗ, "ಅಕ್ಕಾ, ಅರ್ಧ ದಿನ ಯಾರೂ ನನ್ನ ಮುಟ್ಟೋ ಹಾಗಿಲ್ಲವಂತೆ" ಎಂದಳು. ಜನ ಅವಳಿಗೆ ದಾಖಲೆಯ ಹುಚ್ಚು ಎಂದುಕೊಂಡರು. ಅವಳಿಗೆ ಬೇಕಿದ್ದದ್ದು ಆ ಅರ್ಧ ದಿನ.

ಮೊದಲ ಸಲ ದೋಣಿಯಲ್ಲಿ ನಾನು, ತೀರ್ಪುಗಾರ್ತಿ, ದೋಣಿಯವನು. ನಾನು ಸೀಟಿ ಊದುವುದು, ಆ ಸದ್ದಿನ ಜಾಡು ಹಿಡಿದು ಅವಳು ಪಕ್ಕದಲ್ಲೇ ಈಜುವುದು. ಸಮುದ್ರ ಎಂದರೆ ನೀಲಿ ಎಂದುಕೊಂಡವರು ನಮ್ಮ ಬಂದರಿನ ನೀರು ನೋಡಬೇಕು. ಮೇಲೆ ಡೀಸೆಲ್ಲಿನ ಪದರ, ಅದರಲ್ಲಿ ತೇಲುವ ಚೀಲಗಳು, ಬಳಸಿ ಎಸೆದ ಡೈಪರು. ಲೋಳೆಮೀನು ಕುತ್ತಿಗೆಗೆ ಸವರಿ ಬರೆ ಎಳೆಯಿತು. ಕುಡಿದ ಉಪ್ಪುನೀರನ್ನು ಅವಳು ಕಾರುತ್ತಾ ಈಜಿದಳು, ನಾನು ದೋಣಿಯ ಇನ್ನೊಂದು ಬದಿಗೆ ಬಾಗಿ ಕಾರಿದೆ. ಕೊನೆಗೆ ಕಾಲಿಗೆ ನೆಲ ಸಿಕ್ಕಿ ಎದ್ದು ನಿಂತಳು. ನೀರು ಬರೀ ಮೊಣಕಾಲುದ್ದ. ಅಲೆಯೊಂದು ತಳ್ಳಿತು, ಸ್ವಲ್ಪ ವಾಲಿದಳು.

ಅಷ್ಟಕ್ಕೇ ದಡದಲ್ಲಿ ಕಾದಿದ್ದ ಸಂಘದ ಅಧ್ಯಕ್ಷರು ಬೂಟು ಸಮೇತ ನೀರಿಗೆ ನುಗ್ಗಿ ಅವಳನ್ನು ಕಂಕುಳಿಗೆ ಕೈಹಾಕಿ ಎತ್ತಿಕೊಂಡರು. ಕಣ್ಣಲ್ಲಿ ನೀರು, ಮುಖ ಮಾತ್ರ ಕ್ಯಾಮೆರಾದ ಕಡೆಗೆ.

ತೀರ್ಪುಗಾರ್ತಿ ಕೈಯಲ್ಲಿದ್ದ ಬಾವುಟ ಇಳಿಸಿದಳು. ಈಜು ರದ್ದು.

"ಬಿದ್ದುಬಿಡ್ತಿದ್ರಲ್ಲಮ್ಮಾ! ನಿಯಮ ಹಾಳಾಗ್ಲಿ, ಮನುಷ್ಯತ್ವ ದೊಡ್ಡದು" ಎಂದರು ಅಧ್ಯಕ್ಷರು.

"ಬಿದ್ದಿದ್ರೆ ಬೀಳ್ತಿದ್ದೋಳು ನಾನಲ್ವಾ ಸಾರ್?" ಎಂದಳು ತಂಗಿ. ಅವರಿಗೆ ಕೇಳಿಸಲಿಲ್ಲ, ಅಷ್ಟು ಹೊತ್ತಿಗೆ ಮೈಕಿನಲ್ಲಿ ಮಾತು ಶುರುವಾಗಿತ್ತು. ಮಾರನೆಯ ದಿನದ ಪತ್ರಿಕೆಯಲ್ಲಿ ಅವರ ಮುಖ ದೊಡ್ಡದಾಗಿ ಬಂತು, ಇವಳ ಬೆನ್ನು ಕಂಡಿತು. ನಾನು ಆ ಹಾಳೆಯನ್ನು ಕಸದ ಬುಟ್ಟಿಯ ತಳಕ್ಕೆ ಹಾಸಿದೆ. ಇವಳು ಅಳಲಿಲ್ಲ. ಚರ್ಮ ಕೆಂಪಾಗುವವರೆಗೆ ಕಂಕುಳು ತಿಕ್ಕಿ ತೊಳೆದಳು.

ಮರುವರ್ಷ ಮತ್ತೆ ಹೊರಟಾಗ ಅವಳ ಪ್ರಶ್ನೆ ಒಂದೇ. "ಜನ ಕಾಲಿಡದ ಜಾಗ ಯಾವುದಿದೆ ಅಕ್ಕಾ?"

"ಮೀನು ಮಾರ್ಕೆಟ್ಟಿನ ಹಿಂದೆ. ತಲೆ, ಕರುಳು ಎಲ್ಲ ಅಲ್ಲೇ ಸುರೀತಾರೆ. ಥೂ!"

"ಹಾಗಾದ್ರೆ ಅಲ್ಲೇ ದಡ ಹತ್ತೋಣ."

ಬೇಡವೆಂದು ಬಾಯಿ ಬಡಿದುಕೊಂಡೆ. ತೀರ್ಪುಗಾರ್ತಿ ಮಾತ್ರ ದಡ ಯಾವುದಾದರೂ ನಿಯಮಕ್ಕೆ ಒಂದೇ ಎಂದುಬಿಟ್ಟಳು.

ಆ ದಿನ ದಡದ ಕಡೆಯಿಂದ ಗಾಳಿ. ಭುಜ ಸೋತು ಕೈ ಎತ್ತಲಾರದೆ ಈಜುತ್ತಿದ್ದವಳು ಒಮ್ಮೆಲೇ ತಲೆಯೆತ್ತಿ ಮೂಸಿದಳು. ನನ್ನ ಸೀಟಿಗೂ ಕಾಯದೆ ತಾನೇ ದಿಕ್ಕು ಸರಿಮಾಡಿಕೊಂಡಳು. ಆ ಕೊಳೆತ ನಾತ ನನಗೆ ಎದೆಗೆ ಗುದ್ದಿದಂತಾಯಿತು, ಅವಳಿಗೆ ಅದೇ ದಾರಿ ತೋರಿಸಿತು.

ನೀರು ಮುಗಿದಲ್ಲಿ ಶುರುವಾದದ್ದು ಕರುಳಿನ ರಾಡಿ. ಮೊಣಕಾಲವರೆಗೆ ಹೂತಿತು. ಬಿದ್ದಳು. ಎದ್ದಳು. ಮತ್ತೆ ಮುಖ ಅಡಿಯಾಗಿ ಬಿದ್ದಳು. ತುಟಿ ಮೇಲೆ ಮೀನಿನ ಹುರುಪೆ, ಕೂದಲಲ್ಲಿ ಹುಳ. ದಡದ ಗೋಡೆಯ ಮೇಲೆ ಅಧ್ಯಕ್ಷರು, ಫೋಟೋದವನು, ಒಂದಷ್ಟು ಜನ, ಎಲ್ಲರ ಮೂಗಿಗೂ ಕರ್ಚೀಫು. "ಯಾರಾದ್ರೂ ಹಿಡ್ಕೊಳ್ರೋ" ಎಂದು ಒಬ್ಬ ಕೂಗಿದ. ಯಾರೂ ಇಳಿಯಲಿಲ್ಲ. ಪುಣ್ಯಾತ್ಮರು!

ಅಂಗೈ ಊರಿ, ತೆವಳಿ, ಕೊನೆಗೆ ಎರಡೂ ಕಾಲನ್ನು ಒಣ ಮರಳಿಗಿಟ್ಟು ನೆಟ್ಟಗೆ ನಿಂತಳು. ತೀರ್ಪುಗಾರ್ತಿ ಬಾವುಟ ಎತ್ತಿ ಹಿಡಿದಳು.

"ಭೇಷ್ ಅಮ್ಮಾ, ಭೇಷ್!" ಅಧ್ಯಕ್ಷರು ಕರ್ಚೀಫಿನೊಳಗಿಂದಲೇ ಕೂಗಿದರು. "ಮೇಲೆ ಬನ್ನಿ, ಒಂದು ಫೋಟೋ!"

ತಂಗಿ ದನಿ ಬಂದ ಕಡೆಗೆ ತಿರುಗಿ ಕೈ ಚಾಚಿದಳು. ಬೆರಳಿನಿಂದ ಕರುಳಿನ ತುಂಡೊಂದು ಜೋತಾಡುತ್ತಿತ್ತು.

"ಬಿದ್ದುಬಿಡ್ತೀನಿ ಸಾರ್. ಬಂದು ಸ್ವಲ್ಪ ಹಿಡ್ಕೊಳ್ಳಿ."

ಅಧ್ಯಕ್ಷರು ತಮ್ಮ ಬಿಳಿ ಅಂಗಿ ನೋಡಿಕೊಂಡರು. ಫೋಟೋದವನನ್ನು ಮುಂದಕ್ಕೆ ತಳ್ಳಿದರು. ಅವನು ಅವರ ಬೆನ್ನ ಹಿಂದೆ ಸರಿದ.

ನನಗೆ ತಡೆಯಲಾಗಲಿಲ್ಲ. ದೋಣಿಯಿಂದ ಧುಮುಕಿ, ಆ ಹೊಲಸಿನಲ್ಲಿ ಜಾರುತ್ತಾ, ವಾಕರಿಸುತ್ತಾ, ಅಳುತ್ತಾ ಓಡಿ ಅವಳ ಹತ್ತಿರ ಹೋದೆ. ಅಪ್ಪಿಕೊಳ್ಳಲು ಎರಡೂ ತೋಳು ಚಾಚಿದೆ. ನನ್ನ ಹೆಜ್ಜೆ ಅವಳಿಗೆ ಗೊತ್ತು.

"ನೀನೂ ಬೇಡ ಅಕ್ಕಾ" ಎಂದಳು ಮೆಲ್ಲಗೆ. "ಇನ್ನೊಂದು ಸ್ವಲ್ಪ ಹೊತ್ತು."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.