ಬಂಪರ್ ರುಫಿನಸನ ಅನುಮಾನ

ತಂಬುನಾನ್ ಕಣಿವೆಯಲ್ಲಿ ಬಂಪರ್ ರುಫಿನಸ್ ಅಂದರೆ ಸಣ್ಣ ಮಕ್ಕಳಿಗೂ ಗೊತ್ತು. ಕೆಸರಿಗೆ, ಬಂಡೆಗೆ, ಅಡ್ಡ ಬರುವ ಎಮ್ಮೆಗೆ ಜಗ್ಗದ ಕಬ್ಬಿಣದ ಬಂಪರುಗಳನ್ನು ಕಾಡುದಾರಿಯ ಪಿಕಪ್ ಗಾಡಿಗಳಿಗೆ ಮಾಡಿ ಕೂರಿಸುವುದು ಅವನ ಕಸುಬು. ಜೊತೆಗೆ ಚಾವಣಿಯ ಕ್ಯಾರಿಯರ್ ಕೂಡ ಮಾಡುತ್ತಿದ್ದ. ವೆಲ್ಡಿಂಗ್‌ನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಮನುಷ್ಯ ಮಹಾ ಅನುಮಾನದವನು. ಗಿರಾಕಿ ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಅಳತೆ ಕದಿಯಲು ಬಂದವನೇ ಎಂದು ಒಳಗೊಳಗೇ ಕುದಿಯುತ್ತಿದ್ದ. ಫೋಟೋ ತೆಗೆಯಲು ಬಿಡುತ್ತಿರಲಿಲ್ಲ. ದೂರದ ಊರಿಗೆ ಹೋಗುವ ಮಾಲನ್ನು ತಾನೇ ಸುತ್ತಿ, ತಾನೇ ಹಗ್ಗ ಬಿಗಿದು, ತಾನೇ ಬಸ್ಸಿಗೆ ಹಾಕುತ್ತಿದ್ದ. ವಿಳಾಸ ಬೇರೆಯವರ ಕಣ್ಣಿಗೆ ಬಿದ್ದರೆ ಗಿರಾಕಿ ಕೈತಪ್ಪಿದ ಹಾಗೆಯೇ ಎಂಬುದು ಅವನ ಭಯ.

ಭಯ ಪೂರಾ ಸುಳ್ಳೂ ಅಲ್ಲ. ಕಂಪನಿಗಳು ಕೆಲವೇ ವರ್ಷಕ್ಕೆ ಗಾಡಿಯ ಮೂತಿ ಬದಲಿಸುತ್ತವೆ. ಹೊಸ ಗಾಡಿ ಕೊಂಡವನ ಕೈಕಾಲು ಹಿಡಿದು ಎರಡು ದಿನಕ್ಕೆ ಅದನ್ನು ಬೇಡಿ ತರಬೇಕು. ಅಳತೆಗೆ ರಟ್ಟು ಕತ್ತರಿಸಿ ಗಾಡಿಯ ಮೂತಿಗೆ ಹಿಡಿದು ನೋಡಬೇಕು, ಸರಿಬಾರದಿದ್ದರೆ ಮತ್ತೆ ಕತ್ತರಿಸಬೇಕು. ಒಂದು ತೂತು ತಪ್ಪಿದರೆ ದಪ್ಪ ಹಾಳೆ ಸೀದಾ ಗುಜರಿಗೆ. ಇಷ್ಟು ಹೆಣಗಿ ಒಂದು ಮಾದರಿ ನಿಂತಿತು ಅನ್ನುವಷ್ಟರಲ್ಲಿ ಇನ್ನೊಬ್ಬ ಅದನ್ನೇ ನಕಲು ಮಾಡಿ ಅರ್ಧ ಬೆಲೆಗೆ ಮಾರುತ್ತಾನೆ. ಹಾಗಾಗಿ ರಟ್ಟುಗಳ ಕೋಣೆಗೆ ಅವನು ಬಿಟ್ಟುಕೊಂಡಿದ್ದು ಒಬ್ಬನನ್ನೇ, ಹೆಂಡತಿಯ ತಮ್ಮ ಬೊನಿಪಸ್‌ನನ್ನು. ಹದಿನಾಲ್ಕು ವರ್ಷದಿಂದ ಜೊತೆಯಲ್ಲಿ ನಿಂತು ಕಬ್ಬಿಣ ಬಗ್ಗಿಸಿದವನು ಅವನು.

ಒಂದು ಬೆಳಿಗ್ಗೆ ಗಿರಾಕಿಯೊಬ್ಬ ಎಲ್ಲಿಂದಲೋ ಬಂಪರ್ ಹೊತ್ತು ತಂದ. "ಅಣ್ಣಾ, ಕೆನಿಂಗಾವ್ ಪೇಟೇಲಿ ಅಗ್ಗಕ್ಕೆ ಸಿಕ್ತು ಅಂತ ತಗೊಂಡೆ. ಕೂರ್ತಾನೇ ಇಲ್ಲ. ಎಡಗಡೆ ತೂತು ಒಂದು ಬೆರಳು ಮೇಲಿದೆ."

ರುಫಿನಸ್ ಬಂಪರ್ ತಿರುಗಿಸಿ ಆ ತೂತಿಗೆ ಬೆರಳಿಟ್ಟು ನೋಡಿದ. ಆ ಮಾದರಿಗೆ ಅವನು ಮೊದಲು ಅಳತೆ ತೆಗೆದದ್ದು ಶಾಲೆ ಮೇಷ್ಟ್ರ ಗಾಡಿಯಿಂದ. ಎಮ್ಮೆಗೆ ಗುದ್ದಿ ಗಾಡಿಯ ಎಡಗಡೆ ಬಾಗಿದ್ದನ್ನು ಮೇಷ್ಟ್ರು ಬಾಯಿಬಿಟ್ಟಿರಲಿಲ್ಲ. ಹಾಗಾಗಿ ರಟ್ಟಿನಲ್ಲಿ ಎಡ ತೂತು ಸರಿಯಾಗಿ ಒಂದು ಬೆರಳು ಮೇಲೆ ಬಂದಿತ್ತು. ತಪ್ಪು ಗೊತ್ತಾದ ಮೇಲೆ ಹೊಸ ರಟ್ಟು ಕತ್ತರಿಸಿದ್ದರು. ತಪ್ಪು ಬಂಪರ್ ಒಂದೂ ಅಂಗಡಿಯ ಬಾಗಿಲು ದಾಟಿರಲಿಲ್ಲ. ಅಂದಮೇಲೆ ಕೆನಿಂಗಾವಿನವನ ಕೈಗೆ ಸಿಕ್ಕಿದ್ದು ಬಂಪರಲ್ಲ, ಆ ಹಳೇ ರಟ್ಟು. ಅದನ್ನು ಸುಟ್ಟುಬಿಡು ಎಂದು ಬೊನಿಪಸನಿಗೆ ಹೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

"ಮೇಷ್ಟ್ರ ಗಾಡಿ ರಟ್ಟು ಏನು ಮಾಡಿದೆ?"

"ರದ್ದಿ ರಾಶಿಗೆ ಹಾಕ್ದೆ ಭಾವ, ಸುಡೋಕೆ. ಹೋದ ವರ್ಷದ ಮಾತು."

"ಸುಟ್ಟೆಯೋ ಇಲ್ವೋ?"

"ರಾಶೀಲಿ ಬೆಂಕಿ ಹಚ್ಚಿದ್ಮೇಲೆ ಒಂದೊಂದೇ ಎಣಿಸ್ಕೊಂಡು ಕೂರ್ಲಾ?"

"ಕೆನಿಂಗಾವಿನವನು ಎಷ್ಟು ಕೊಟ್ಟ?"

ತಮಾಷೆ ಅಂದುಕೊಂಡು ಬೊನಿಪಸ್ ಜೋರಾಗಿ ನಕ್ಕ. ಆ ನಗುವೇ ರುಫಿನಸನಿಗೆ ಕಳ್ಳನ ನಗುವಾಗಿ ಕಂಡಿತು.

ತಲೆಯಲ್ಲಿ ಹುಳ ಹೊಕ್ಕ ಮೇಲೆ ಕೇಳಬೇಕೆ? ಬಾಮೈದ ಫೋನಿನಲ್ಲಿ ಮಾತಾಡಿದರೆ, ಯಾರ ಜೊತೆ? ಕಾಲಿಗೆ ಹೊಸ ಬೂಟು, ಎಲ್ಲಿಂದ? "ಬೂಟು ಕೊಡಿಸಿದ್ದು ನಾನು ಕಣ್ರೀ, ನನ್ನನ್ನೂ ಹಿಡಿದು ಕೇಳಿ" ಎಂದು ಹೆಂಡತಿ ಜುಸ್ತಿನಾ ರೇಗಿದಳು. ಅಕ್ಕ ತಮ್ಮನ ಪರವೇ ತಾನೆ ಎಂದು ಅವಳನ್ನೂ ನಂಬಲಿಲ್ಲ. ಕೊನೆಗೆ ಊರ ಹಿರಿಯನ ಜಗಲಿಯಲ್ಲಿ, ಹತ್ತು ಜನರ ಮುಂದೆ, ಬೊನಿಪಸ್ ಕಳ್ಳನೆಂದು ಹೇಳಿಯೇಬಿಟ್ಟ. ಬೊನಿಪಸ್ ಭಾವನ ಮುಖವನ್ನೊಮ್ಮೆ ನೋಡಿ, ಒಂದು ಮಾತೂ ಆಡದೆ ಎದ್ದುಹೋದ. ಆ ಮೌನವನ್ನೂ ತಪ್ಪೊಪ್ಪಿಗೆ ಎಂದು ತಿಳಿದುಕೊಂಡನಲ್ಲ, ಅಂಥ ಬುದ್ಧಿಗೆ ಏನು ಹೇಳುವುದು!

ಸಾಕ್ಷಿ ಹಿಡಿದೇ ತೀರುತ್ತೇನೆ ಎಂದು ಎರಡು ವಾರದ ಮೇಲೆ ರುಫಿನಸ್ ಕೆನಿಂಗಾವಿಗೆ ಹೋದ. ನಕಲು ಬಂಪರ್ ಮಾಡುವವನು ಅನ್ಸೊಮ್ ಎಂಬ ಮುರುತ್ ಜನದವನು. ಅಂಗಡಿಯ ಗೋಡೆಯ ಮೇಲೆ ಆ ರಟ್ಟು ರಾಜಾರೋಷವಾಗಿ ತೂಗುತ್ತಿತ್ತು.

"ಓಹೋ, ತಂಬುನಾನಿನ ಅಣ್ಣನೋ! ಬನ್ನಿ, ಕಾಫಿ ಕುಡೀರಿ. ನಿಮ್ಮ ರಟ್ಟು ನಂಬಿ ಕೆಟ್ಟೆ ಮಾರಾಯ್ರೆ. ಮೂರು ಜನ ಬೈದು ವಾಪಸ್ ಎಸೆದು ಹೋದ್ರು."

"ಯಾರು ತಂದುಕೊಟ್ಟಿದ್ದು ಇದನ್ನ?"

"ಯಾರು ಅಂದ್ರೆ? ನೀವೇ! ನಮ್ಮೂರಿನವನೊಬ್ಬ ನಿಮ್ಮಿಂದ ಕ್ಯಾರಿಯರ್ ತರಿಸಿ, ಕೂರಿಸೋಕೆ ನನ್ನ ಹತ್ರ ತಂದ. ಅದಕ್ಕೆ ಸುತ್ತಿದ್ದು ಇದು. ನೋಡಿ, ನಿಮ್ಮ ಕೈಬರಹ. ಬಂಪರ್ ಅಳತೆನೂ ಪುಕ್ಕಟೆ ಕಳಿಸಿದ್ದಾರೆ, ಎಂಥಾ ದೊಡ್ಡ ಮನಸ್ಸು ಅಂದ್ಕೊಂಡೆ!"

ರುಫಿನಸ್ ಕಾಫಿ ಲೋಟ ಕೆಳಗಿಟ್ಟು ಬರಹ ನೋಡಿದ. ರದ್ದಿ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಎಳೆದು ಸುತ್ತಿದವನು ತಾನೇ. ಇನ್ನೊಬ್ಬರ ಮೇಲೆ ಹಾಕೋಣವೆಂದರೆ ಪಾರ್ಸೆಲ್ ಮುಟ್ಟಲು ಅವನು ಯಾರನ್ನೂ ಬಿಟ್ಟವನಲ್ಲ. ನಾಚಿಕೆಯಿಂದ ಅವನ ಕಿವಿ ಸುಡತೊಡಗಿತು.

ವಾಪಸು ಬರುವಾಗ ಬಾಯಿ ಮುಚ್ಚಿಕೊಂಡು ಇದ್ದುಬಿಡಲೇ ಎಂಬ ಯೋಚನೆಯೂ ಬಂತು. ಆದರೆ ಸುಳ್ಳು ಆಪಾದನೆಯಿಂದ ಮನೆ ಬಿಸಿಯಾಗುತ್ತದೆ, ತಣಿಸದಿದ್ದರೆ ಆ ಬಿಸಿ ಗದ್ದೆಗೂ ಮಕ್ಕಳಿಗೂ ತಟ್ಟುತ್ತದೆ ಎಂದು ಅವನ ಜನರಾದ ದುಸುನರ ನಂಬಿಕೆ. ತಣಿಸಲು ಸೊಗಿತ್ ಕೊಡಬೇಕು, ಅಂದರೆ ತಪ್ಪುಕಾಣಿಕೆ. ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ಬಂದವನು ಒಂದು ಹಂದಿ ಹಿಡಿಸಿಕೊಂಡು ಅದೇ ಜಗಲಿಗೆ ಹೋದ. ಬೊನಿಪಸನನ್ನೂ ಕರೆಸಿ, ಅದೇ ಹತ್ತು ಜನರ ಮುಂದೆ, "ರಟ್ಟು ಕಳಿಸಿದ್ದು ನಾನೇ. ಇವನ ತಪ್ಪೇನೂ ಇಲ್ಲ" ಎಂದ.

"ಹಂದಿಗೆ ರಟ್ಟು ಸುತ್ತಿಲ್ವಾ ರುಫಿನಸ್?" ಎಂದು ಒಬ್ಬ ಮುದುಕ ಕೆಣಕಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೊನಿಪಸನೂ ನಕ್ಕ. ಹಂದಿ ಬೆಂದಿತು, ಅಕ್ಕಿ ಹೆಂಡ ಕೈಯಿಂದ ಕೈಗೆ ಸುತ್ತಿತು. ಬಾಮೈದ ಮಾಂಸ ನೀಡಿಸಿಕೊಂಡು ತಿನ್ನುವುದನ್ನು ನೋಡಿ ರುಫಿನಸನಿಗೆ ಹೋದ ಜೀವ ಬಂದಂತಾಯಿತು.

"ನಾಳೆ ಸ್ವಲ್ಪ ಬೇಗ ಬಾರಪ್ಪ. ಎರಡು ಗಾಡಿ ನಿಂತಿವೆ."

ಬೊನಿಪಸ್ ಬಾಯಿ ಒರೆಸಿಕೊಂಡ. "ನಿಮ್ಮ ಮೇಲೆ ಸಿಟ್ಟಿಲ್ಲ ಭಾವ. ಹಂದಿ ತಿಂದೆ, ಅಲ್ಲಿಗೆ ಮುಗೀತು. ಆದ್ರೆ ನಾಳೆಯಿಂದ ನಾನು ಅನ್ಸೊಮ್ ಹತ್ರ ಕೆಲಸಕ್ಕೆ. ಮೊನ್ನೆ ಹೋಗಿ ಮಾತು ಕೊಟ್ಟು ಬಂದೆ."

ರುಫಿನಸನ ಹಳೇ ಬುದ್ಧಿ ಸರಕ್ಕನೆ ತಲೆ ಎತ್ತಿತು. "ಅವನ ಹತ್ರಾನೇ ಯಾಕೆ?"

"ನೀವು ಕಳ್ಳ ಅಂದ್ಮೇಲೆ ಈ ಕಣಿವೇಲಿ ನನಗೆ ಯಾರೂ ಕೆಲಸ ಕೊಡ್ಲಿಲ್ಲ ಭಾವ. ನಾನು ಕಳ್ಳ ಅಲ್ಲ ಅಂತ ಗೊತ್ತಿದ್ದಿದ್ದು ಅವನೊಬ್ಬನಿಗೇ."